ಅತ್ತಿಗೆಯ ಮೂಗು, ಶರತ್ಕಾಲದ ಬಿಯರು

ನನ್ನ ಅತ್ತಿಗೆಯ ಕಥೆ ಹೇಳಬೇಕೆಂದರೆ ಅವಳ ಮೂಗಿನಿಂದಲೇ ಶುರುಮಾಡಬೇಕು. ನೋಡುವುದಕ್ಕೆ ಅಂಥ ವಿಶೇಷವೇನಲ್ಲ. ಸ್ವಲ್ಪ ಮೊಂಡು, ತುದಿ ಸದಾ ಕೆಂಪು. ಆದರೆ ಅದು ಮಾಡುವ ಕೆಲಸ ದೊಡ್ಡದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಬಿಯರ್ ಕಾರ್ಖಾನೆಯಿದೆ, ಅಲ್ಲಿ ಬಿಯರ್ ತಯಾರಿಸುವವಳು ಅವಳೇ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಮೂಟೆ ಬಿಚ್ಚಿದ ಕೂಡಲೇ ಮುಷ್ಟಿಯಲ್ಲಿ ಕಾಳು ಹಿಡಿದು ಮೂಸುತ್ತಾಳೆ. ಹಾಗೆ ಮೂಸಿ ಇಡೀ ಗಾಡಿಯನ್ನೇ ವಾಪಸು ಕಳಿಸಿದ್ದೂ ಉಂಟು. ಮನೆಯಲ್ಲೂ ಅಷ್ಟೆ. ನಾನು ಇಸ್ತ್ರಿಪೆಟ್ಟಿಗೆ ಆರಿಸಲು ಮರೆತರೆ ಹಿತ್ತಲಿನಿಂದಲೇ ಕೂಗಿ ಹೇಳುತ್ತಿದ್ದಳು. ಹಾಲು ಕೆಡುವ ಮೊದಲೇ ಅವಳಿಗೆ ಸುದ್ದಿ ಮುಟ್ಟಿರುತ್ತಿತ್ತು.

ನಾನು ಅವಳ ನಾದಿನಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಗಿರಾಕಿಗಳು ಹೇಳುವುದುಂಟು, ಹೇಳಲಿ. ಅಣ್ಣ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಬೀದಿಯವರು ಅವನಿಗಿಟ್ಟ ಹೆಸರು ಬನ್ನು. ಬೆಳಗಿನಿಂದ ಹಿಟ್ಟಿಗೆ ಬೆಣ್ಣೆ ಮಿದ್ದು ಮಧ್ಯಾಹ್ನ ಮನೆಗೆ ಬರುತ್ತಾನೆ. ಬಾಗಿಲಿಗೆ ಮೊದಲು ಬೆಣ್ಣೆ ಬರುತ್ತದೆ, ಹಿಂದಿನಿಂದ ಅವನು ಎಂದು ಬೀದಿಯವರ ಮಾತು. ಮದುವೆಯಾದ ಹೊಸದರಲ್ಲಿ ಅತ್ತಿಗೆ, ತಾನು ಕಟ್ಟಿಕೊಂಡಿದ್ದು ಗಂಡನನ್ನೋ ಬನ್ನನ್ನೋ ಎಂದು ಅವನ ಅಂಗಿಗೆ ಮೂಗು ಒತ್ತಿ ನಗುತ್ತಿದ್ದಳು. ಅವನು ನಾಚಿಕೊಂಡು ನಿಂಬೆ ಸಿಪ್ಪೆಯಲ್ಲಿ ಕೈ ತಿಕ್ಕಿದ್ದೇ ತಿಕ್ಕಿದ್ದು. ವಾಸನೆ ಮಾತ್ರ ಜಗ್ಗಲಿಲ್ಲ.

ಹೋದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಬಂದ ಜ್ವರ ವಾಸಿಯೂ ಆಯಿತು. ಹಾಸಿಗೆ ಬಿಟ್ಟೆದ್ದ ಮೊದಲ ದಿನ ಅವಳು ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು, ನಾನು ಮುಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದೆ. ಹಾಲು ತಳ ಹಿಡಿದು ಸೀದ ವಾಸನೆ ನನ್ನ ಮೂಗಿಗೆ ಬಡಿಯಿತು. ಓಡಿಹೋಗಿ ನೋಡಿದರೆ ಅತ್ತಿಗೆ ಪಾತ್ರೆಯ ಮುಂದೆಯೇ ಕಿಟಕಿಯಾಚೆ ನೋಡುತ್ತ ನಿಂತಿದ್ದಾಳೆ. ನಾನು ಒಲೆ ಆರಿಸಿದಾಗ ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು, ಮೂಸಿದಳು, ಮತ್ತೊಮ್ಮೆ ಮೂಸಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಇದು ನರದ ವಿಷಯ, ಹೋದ ವಾಸನೆ ತಾನಾಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಇಷ್ಟು ಹೇಳುವುದಕ್ಕೆ ಓದಬೇಕಿತ್ತೇ ಎಂದು ನನಗೆ ಬಾಯಿಯವರೆಗೂ ಬಂದಿತ್ತು. ಆದರೆ ಅವರು ಒಂದು ಉಪಾಯವನ್ನೂ ಹೇಳಿಕೊಟ್ಟರು. ಗೊತ್ತಿರುವ ಕೆಲವು ವಾಸನೆಗಳನ್ನು ಡಬ್ಬಿಗಳಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸುತ್ತ, ಅದರ ನೆನಪನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಾಗೆ ಮಾಡಿದ ಕೆಲವರಿಗೆ ಮೂಗು ಮರಳಿದೆ. ಅತ್ತಿಗೆ ದಾರಿಯಲ್ಲೇ ಡಬ್ಬಿಗಳನ್ನು ಕೊಂಡಳು. ಲವಂಗ, ಕಾಫಿ ಪುಡಿ, ನಿಂಬೆ ಸಿಪ್ಪೆ, ಸೋಪು, ಬೆಣ್ಣೆ.

ಬೆಣ್ಣೆ ಯಾಕೆಂದರೆ, ಬಿಯರ್ ಮಾಡುವವರ ಮೊದಲ ಶತ್ರು ಅದೇ. ಲಾಗರ್ ಎಂಬ ಬಗೆಯ ಬಿಯರ್ ತಣ್ಣಗೆ ನಿಧಾನವಾಗಿ ಹುದುಗುತ್ತದೆ, ಹುದುಗುವಾಗ ನಡುವಿನಲ್ಲಿ ಬೆಣ್ಣೆಯ ವಾಸನೆ ಏಳುತ್ತದೆ. ಆಗ ಟ್ಯಾಂಕನ್ನು ಕೆಲವು ದಿನ ಸ್ವಲ್ಪ ಬೆಚ್ಚಗಿಟ್ಟರೆ ಯೀಸ್ಟೇ ಆ ವಾಸನೆಯನ್ನು ತಿಂದುಹಾಕುತ್ತದೆ. ಪೂರ್ತಿ ತಿಂದಾಯಿತೇ ಎಂದು ಮೂಸಿ ನೋಡಿ ತಣ್ಣಗೆ ಮಾಡಬೇಕು. ಆತುರಪಟ್ಟರೆ ಬೆಣ್ಣೆ ಒಳಗೇ ಉಳಿದುಬಿಡುತ್ತದೆ.

ಕಾರ್ಖಾನೆಯ ಯಜಮಾನರು ಕೆಟ್ಟವರಲ್ಲ, ಹೆದರುಪುಕ್ಕಲರು. ವಿಷಯ ತಿಳಿದು ಮನೆಗೇ ಬಂದರು. ಅತ್ತಿಗೆಯನ್ನು ನೋಡದೆ ನನ್ನ ಹೊಲಿಗೆ ಯಂತ್ರವನ್ನೇ ನೋಡುತ್ತ, ಶರತ್ಕಾಲದಲ್ಲಿ ಊರಿನ ಬಿಯರುಗಳ ಹೋಲಿಕೆ ನಡೆಯುವವರೆಗೆ ಕಾಯುತ್ತೇನೆ ಎಂದರು. ಅಲ್ಲಿ ಎಲ್ಲರಂತೆ ಮೇಜಿಗೆ ಕೂತು ಪ್ರತಿ ಗ್ಲಾಸಿನ ಬಗ್ಗೆ ಹೇಳಬೇಕು. ಆಗದಿದ್ದರೆ ಬೇರೆಯವನನ್ನು ಕರೆಸುವುದು, ಅತ್ತಿಗೆ ಅಂಗಡಿಗಳಿಂದ ಆರ್ಡರ್ ಹಿಡಿಯುವ ಕೆಲಸ ನೋಡಿಕೊಳ್ಳುವುದು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಮಾತ್ರ ತಲೆಯಾಡಿಸಿ, "ಈ ವರ್ಷದ ಬಿಯರೂ ನಾನೇ ಮಾಡ್ತೀನಿ, ಮೇಜಿಗೂ ನಾನೇ ಕೂರ್ತೀನಿ" ಎಂದಳು.

ಈ ಹೋಲಿಕೆಯ ಬಗ್ಗೆ ಹೇಳಬೇಕು. ಶರತ್ಕಾಲದ ಲಾಗರಿನ ತವರು ಜರ್ಮನಿ. ಹಿಂದೆ ಬೇಸಿಗೆಯ ಸೆಕೆಯಲ್ಲಿ ಬಿಯರ್ ಕೆಡುತ್ತಿದ್ದುದರಿಂದ ಮಾರ್ಚ್ ತಿಂಗಳಲ್ಲೇ ತಯಾರಿಸಿ, ತಣ್ಣನೆಯ ನೆಲಮಾಳಿಗೆಯಲ್ಲಿ ಬೇಸಿಗೆಯೆಲ್ಲ ಮಲಗಿಸಿ, ಎಲೆ ಉದುರುವ ಹೊತ್ತಿಗೆ ಎಬ್ಬಿಸುತ್ತಿದ್ದರಂತೆ. ಹಳೆಯ ಬಗೆಯದು ತಾಮ್ರದ ಬಣ್ಣ, ಚೆನ್ನಾಗಿ ಬೆಂದ ಬ್ರೆಡ್ಡಿನ ಅಂಚಿನ ಘಮ. ಈಚಿನ ಬಗೆಯದು ಬಂಗಾರದ ಬಣ್ಣ, ಹಗುರ, ಎಷ್ಟು ಕುಡಿದರೂ ಬೇಸರ ಬಾರದು. ಯಾವುದು ಮೇಲು ಎಂಬ ಜಗಳ ನಮ್ಮಲ್ಲಿ ವರ್ಷವೂ ನಡೆಯುತ್ತದೆ. ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳೆಲ್ಲ ತಮ್ಮ ತಮ್ಮ ಟ್ಯಾಂಕಿನಿಂದ ಒಂದೊಂದು ಹೂಜಿ ತುಂಬಿ, ಮೂಲೆಯ ಬಿಯರ್ ಅಂಗಡಿಯ ಮಹಡಿಗೆ ತರುತ್ತವೆ. ಗೆದ್ದ ಬಿಯರಿಗೆ ಆ ಋತುವೆಲ್ಲ ಅಂಗಡಿಯಲ್ಲಿ ಬಿಯರ್ ಸುರಿಯುವ ಮೊದಲ ನಲ್ಲಿ ಮೀಸಲು.

ಯಾವ ಗ್ಲಾಸಿನಲ್ಲಿ ಯಾರದು ಎಂದು ತಿಳಿಯಬಾರದು, ಬಣ್ಣವೂ ಕಾಣಬಾರದು. ಅದಕ್ಕೆ ಗ್ಲಾಸುಗಳಿಗೆ ಕಪ್ಪು ಬಟ್ಟೆಯ ಅಂಗಿ ತೊಡಿಸುತ್ತಾರೆ. ಆ ಅಂಗಿಗಳನ್ನು ಹೊಲಿಯುವವಳು ನಾನು. ನಡುನಡುವೆ ಬಾಯಿ ತೊಳೆದುಕೊಳ್ಳಲು ಸಪ್ಪೆ ಬ್ರೆಡ್ಡು ಬೇಕು, ಅದನ್ನು ತರುವವನು ಅಣ್ಣ. ಇನ್ನೊಂದು ಕಟ್ಟುನಿಟ್ಟು: ಎಲ್ಲರೂ ಎಲ್ಲವನ್ನೂ ರುಚಿ ನೋಡಿ ಮುಗಿಸುವ ತನಕ ಯಾರೂ ತುಟಿಪಿಟಿಕ್ ಎನ್ನುವಂತಿಲ್ಲ. ಆಮೇಲೆ ವಯಸ್ಸಿನಲ್ಲಿ ಚಿಕ್ಕವರಿಂದ ಮಾತು ಶುರುವಾಗಬೇಕು. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರು ಅದನ್ನೇ ಒಪ್ಪಿಸಿಬಿಡುತ್ತಾರಲ್ಲ, ಅದಕ್ಕೆ.

ಅತ್ತಿಗೆ ಆ ವಸಂತದಲ್ಲಿ ಮೂಗಿಲ್ಲದೆ ಬಿಯರ್ ಮಾಡಿದಳು. ಕುದಿಯನ್ನು ಕಿವಿಯಿಂದ ಅಳೆದಳು, ಮಾಲ್ಟನ್ನು ಹಲ್ಲಿನಲ್ಲಿ ಕಡಿದು ನೋಡಿದಳು, ಥರ್ಮಾಮೀಟರಿನ ಮುಂದಿನಿಂದ ಕದಲಲಿಲ್ಲ. ಮೂಗು ಬೇಕೇ ಬೇಕಾದ ಕಡೆ ಅಣ್ಣನನ್ನು ಕರೆಸಿದಳು. ಅವನು ಬೇಕರಿಯಿಂದ ನೇರವಾಗಿ, ಹಿಟ್ಟಿನ ಏಪ್ರನ್ನನ್ನೂ ಬಿಚ್ಚದೆ ಓಡಿಬರುತ್ತಿದ್ದ. ತನ್ನಿಂದಲೂ ಅವಳಿಗೆ ಉಪಕಾರವಾಯಿತೆಂದು ಅವನಿಗೆ ನೆಲವೇ ಕಾಣುತ್ತಿರಲಿಲ್ಲ. ಟ್ಯಾಂಕಿನಿಂದ ಹಿಡಿದ ಗ್ಲಾಸಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಮಹಾ ಗಂಭೀರವಾಗಿ ಎಳೆದುಕೊಳ್ಳುತ್ತಿದ್ದ.

"ಬೆಣ್ಣೆ ವಾಸನೆ ಇದೆಯೇನ್ರೀ? ಸರಿಯಾಗಿ ನೋಡಿ ಹೇಳಿ."

"ಒಂಚೂರೂ ಇಲ್ಲ ಕಣೇ. ಶುದ್ಧವಾಗಿದೆ."

ಅವಳು ಮತ್ತೆ ಮತ್ತೆ ಕೇಳಿದಳು, ಅವನು ಮತ್ತೆ ಮತ್ತೆ ಮೂಸಿ ಹೇಳಿದ. ಸರಿ, ಅವಳು ಟ್ಯಾಂಕನ್ನು ತಣ್ಣಗೆ ಮಾಡಿ ಬೇಸಿಗೆಯ ನಿದ್ದೆಗೆ ಬಿಟ್ಟಳು.

ಬಿಯರು ಮಲಗಿತು, ಅತ್ತಿಗೆ ಮಲಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯ ಮೇಜಿನ ಮುಂದೆ ಕಣ್ಣುಮುಚ್ಚಿ ಕೂತು ಡಬ್ಬಿ ಮೂಸುವಳು, ಸಂಜೆ ಕೈಕಾಲು ತೊಳೆದು ಮತ್ತೆ ಅದೇ. ಡಬ್ಬಿ ಪಾಠ ಎಂದು ನಾನು ಹೆಸರಿಟ್ಟಿದ್ದೆ. ಬಹಳ ದಿನ ಏನೂ ಇಲ್ಲ. ಮುಚ್ಚಳ ತೆಗೆದರೂ ಒಂದೇ, ಹಾಕಿದರೂ ಒಂದೇ. ನಾನಾಗಿದ್ದರೆ ಎಲ್ಲವನ್ನೂ ಎತ್ತಿ ಬೀದಿಗೆ ಎಸೆಯುತ್ತಿದ್ದೆ. ಒಂದು ಬೆಳಿಗ್ಗೆ ಕಾಫಿ ಡಬ್ಬಿ ಮೂಸಿದವಳು ಮುಖ ಕಿವುಚಿ, ಸುಟ್ಟ ರಬ್ಬರಿನ ವಾಸನೆ ಎಂದಳು. ನನಗೆ ಅಳು ಬಂತು. ಕಾಫಿ ಹೋಗಿ ರಬ್ಬರ್ ಆಗುವುದೆಂದರೆ ಇನ್ನೇನು ಉಳಿಯಿತು?

ಅವಳಿಗೆ ಮಾತ್ರ ಖುಷಿಯೋ ಖುಷಿ. "ರಬ್ಬರೇ ಬರ್ಲಿ, ಏನೋ ಒಂದು ಬಂತಲ್ಲ. ದಾರಿ ತಪ್ಪಿ ಬಂದಿದೆ, ನಿಧಾನಕ್ಕೆ ದಾರಿಗೆ ತರೋಣ" ಎಂದು ಇನ್ನೊಮ್ಮೆ ಮೂಸಿದಳು. ಆಮೇಲೆ ಇಡೀ ದಿನ ಬೀದಿಯಲ್ಲಿ ಕಂಡ ಗಾಡಿಯ ಟಯರುಗಳನ್ನೆಲ್ಲ ಬಗ್ಗಿ ಮೂಸಿ ಬಂದಳು, ಎರಡೂ ಒಂದೇನಾ ಅಂತ ತಿಳಿಯಲು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಬೇಸಿಗೆ ಕಳೆಯುವ ಹೊತ್ತಿಗೆ ಲವಂಗ ಬಂತು, ನಿಂಬೆ ಬಂತು. ಕಾಫಿ ರಬ್ಬರಿನ ಸಹವಾಸ ಬಿಟ್ಟು ಅರ್ಧಂಬರ್ಧ ಕಾಫಿಯಾಯಿತು. ಸೋಪು ಒಂದು ದಿನ ಸಿಕ್ಕರೆ ಇನ್ನೊಂದು ದಿನ ಇಲ್ಲ. ಬೆಣ್ಣೆ ಮಾತ್ರ ಬರಲಿಲ್ಲ. ಡಬ್ಬಿಯಲ್ಲಿ ಹಳೆಯ ಬೆಣ್ಣೆ ತೆಗೆದು ಹೊಸದನ್ನು ಇಟ್ಟರೂ, ಕರಗಿಸಿ ಇಟ್ಟರೂ, ಅವಳ ಪಾಲಿಗೆ ಅದು ಖಾಲಿ ಡಬ್ಬಿಯೇ. ಹೋಲಿಕೆಯ ದಿನದ ಬೆಳಿಗ್ಗೆಯೂ ಮೂಸಿದಳು. ಏನೂ ಇಲ್ಲ. ಡಬ್ಬಿ ಮುಚ್ಚಿ ಸೀರೆ ಬದಲಾಯಿಸಿಕೊಂಡು, ನಡೀರಿ ಎಂದಳು. ಬೇಡ ಅತ್ತಿಗೆ, ಹುಷಾರಿಲ್ಲ ಅಂತ ಹೇಳಿ ಕಳಿಸೋಣ ಎಂದು ನಾನು ಗೋಗರೆದೆ. ಅವಳು ನನ್ನ ಕೈಗೆ ಗ್ಲಾಸಿನ ಅಂಗಿಗಳ ಗಂಟು ಕೊಟ್ಟು ಮುಂದೆ ನಡೆದಳು.

ಅಂಗಡಿಯ ಮಹಡಿಯ ಕೋಣೆ ದೊಡ್ಡದೇನಲ್ಲ. ಉದ್ದನೆಯ ಮರದ ಮೇಜು, ಎರಡು ಕಡೆ ಬೆಂಚು, ಬೀದಿಯ ಕಡೆಗೆ ಒಂದೇ ಕಿಟಕಿ. ಅಂಗಡಿಯಾಕೆ ಮರೆಯಲ್ಲಿ ನಿಂತು ಸುರಿದು, ನನ್ನ ಅಂಗಿ ತೊಟ್ಟ ಗ್ಲಾಸುಗಳನ್ನು ಒಬ್ಬೊಬ್ಬರ ಮುಂದೆ ಸಾಲಾಗಿ ಇಟ್ಟಳು. ಎಲ್ಲರ ಸಾಲೂ ಒಂದೇ ಕ್ರಮ. ಮೇಜಿನ ಈ ತುದಿಗೆ ಹೊಸ ಕಾರ್ಖಾನೆಯ ಹುಡುಗಿ, ಎಲ್ಲರಿಗಿಂತ ಕಿರಿಯಳು. ಆ ತುದಿಗೆ ಪೀಪಾಯಿ ಅಜ್ಜ, ಈ ಕಸುಬಿನಲ್ಲೇ ಹಲ್ಲು ಉದುರಿಸಿಕೊಂಡ ಹಿರಿಯ. ಅವನ ಪಕ್ಕದಲ್ಲಿ ಅತ್ತಿಗೆ. ಬ್ರೆಡ್ಡಿನ ಬುಟ್ಟಿ ಹಿಡಿದ ಅಣ್ಣ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಯಜಮಾನರು ಗೋಡೆಗೆ ಒರಗಿ ತಮ್ಮ ಟೋಪಿಯನ್ನು ತಿರುಗಿಸುತ್ತಿದ್ದರು. ನಾನು ಮೆಟ್ಟಿಲ ಬಾಗಿಲಲ್ಲಿ ನಿಂತೆ.

ಎಲ್ಲರೂ ಗ್ಲಾಸು ಎತ್ತಿದರು. ಅತ್ತಿಗೆ ಮೊದಲನೆಯದನ್ನು ಮೂಸಿ, ಗುಟುಕರಿಸಿ, ಕೆಳಗಿಟ್ಟಳು. ಎರಡನೆಯದನ್ನು ಹೆಚ್ಚು ಹೊತ್ತು ಹಿಡಿದಿದ್ದಳು, ಅವಳ ಹುಬ್ಬು ಸಡಿಲಾಯಿತು. ಮೂರನೆಯದಕ್ಕೆ ಮೂಗು ತಂದವಳು ಹಾಗೆಯೇ ಕೂತುಬಿಟ್ಟಳು. ಗ್ಲಾಸು ಇಳಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು. ಆಮೇಲೆ ಮಾತಾಡಬಾರದೆಂಬ ನಿಯಮವನ್ನೇ ಮುರಿದು ಹಿಂದಕ್ಕೆ ತಿರುಗಿದಳು.

"ರೀ, ನೀವು ಸ್ವಲ್ಪ ಕೆಳಗೆ ಹೋಗ್ತೀರಾ?"

ಅಣ್ಣ ಪೆಚ್ಚಾದ. ಅವಳು ಬ್ರೆಡ್ಡಿನ ಬುಟ್ಟಿಯನ್ನೂ ತೆಗೆದುಕೊಂಡು ಹೋಗಿ ಎಂದಳು. ಅವನು ಬುಟ್ಟಿ ಸಮೇತ ನನ್ನನ್ನು ದಾಟಿ ಮೆಟ್ಟಿಲಿಳಿದ. ಅವಳೇ ಎದ್ದು ಹೋಗಿ ಕಿಟಕಿ ತೆರೆದಳು. ತಣ್ಣನೆಯ ಗಾಳಿ ಒಳಗೆ ಬಂತು. ಕಿಟಕಿಯ ಬಳಿ ನಿಂತು ಒಂದಿಷ್ಟು ಹೊತ್ತು ಸುಮ್ಮನೆ ಉಸಿರೆಳೆದುಕೊಂಡು, ಬಂದು ಕೂತು, ಮೂರನೆಯ ಗ್ಲಾಸನ್ನೇ ಮತ್ತೆ ಎತ್ತಿದಳು. ಯಜಮಾನರ ಕೈಯಲ್ಲಿ ಟೋಪಿ ನಿಂತುಹೋಗಿತ್ತು.

ರುಚಿ ನೋಡಿ ಮುಗಿಯಿತು, ಮಾತು ಶುರುವಾಯಿತು. ಮೂರನೆಯ ಗ್ಲಾಸಿನ ಸರದಿ ಬಂದಾಗ ಹುಡುಗಿ, ಇದು ಬಹಳ ಮೃದುವಾಗಿದೆ, ಮಿಠಾಯಿಯ ಹಾಗೆ, ನನಗೆ ಇದೇ ಇಷ್ಟ ಎಂದಳು. ನಡುವಿನವರಲ್ಲಿ ಒಬ್ಬರು ಸ್ವಲ್ಪ ದಪ್ಪ ಎಂದರು, ಇನ್ನೊಬ್ಬರು ಪರವಾಗಿಲ್ಲ ಎಂದರು. ಅತ್ತಿಗೆಯ ಸರದಿ ಬಂತು.

"ಇದರಲ್ಲಿ ಬೆಣ್ಣೆ ಇದೆ" ಎಂದಳು. "ಮಾಲ್ಟು ಒಳ್ಳೇದು, ಕೆಲಸಾನೂ ಒಳ್ಳೇದು. ಆದ್ರೆ ಬೇಗ ತಣ್ಣಗೆ ಮಾಡಿದಾರೆ. ಇದನ್ನ ಹೀಗೇ ಜನಕ್ಕೆ ಕೊಡಬಾರದು. ಮಾಡಿದೋರು ಯಾರೇ ಆಗಿರ್ಲಿ, ಬೇಜಾರು ಮಾಡ್ಕೋಬೇಡಿ."

ಪೀಪಾಯಿ ಅಜ್ಜ ಕೆನ್ನೆ ಕೆರೆದುಕೊಂಡು, ತಾನೂ ಅದನ್ನೇ ಹೇಳುವವನಿದ್ದೆ, ಇನ್ನು ತನಗೆ ಹೇಳಲು ಏನು ಉಳಿಯಿತು ಎಂದು ಗೊಣಗಿದ. ಉಳಿದ ಗ್ಲಾಸುಗಳ ಮಾತೂ ಮುಗಿದ ಮೇಲೆ ಅಂಗಡಿಯಾಕೆ ಅವುಗಳ ಅಂಗಿ ಬಿಚ್ಚತೊಡಗಿದಳು. ಪ್ರತಿ ಗ್ಲಾಸಿನ ಬುಡಕ್ಕೆ ಕಾರ್ಖಾನೆಯ ಗುರುತಿನ ಚೀಟಿ ಅಂಟಿಸಿರುತ್ತಾಳೆ. ಮೂರನೆಯದನ್ನು ಎತ್ತಿ ನೋಡಿ, ಏನು ಹೇಳುವುದೆಂದು ತಿಳಿಯದೆ ಯಜಮಾನರ ಕಡೆ ನೋಡಿದಳು.

ನನಗೆ ಆಗಲೇ ಗೊತ್ತಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ತಿಂಗಳು ಡಬ್ಬಿ ಮೂಸಿ ಮೂಸಿ, ಎಲ್ಲರೆದುರು ತನ್ನ ಕೂಸಿಗೇ ಕುರೂಪಿ ಎಂದುಬಿಟ್ಟಳಲ್ಲ.

ಅತ್ತಿಗೆ ಕೈ ಚಾಚಿ ಗ್ಲಾಸನ್ನು ತೆಗೆದುಕೊಂಡಳು. ಬುಡದ ಚೀಟಿ ಓದಿದಳು. ತಾಮ್ರದ ಬಣ್ಣದ ಬಿಯರನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಕಣ್ಣಲ್ಲಿ ನೀರು ಸುರಿಯುವಷ್ಟು. ಹುಡುಗಿ ಗಾಬರಿಯಾಗಿ ಅವಳಿಗೆ ನೀರು ಕೊಟ್ಟಳು.

"ನನ್ನದೇ" ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ. "ಯಜಮಾನ್ರೇ, ನನಗೆ ಬೆಣ್ಣೆ ವಾಸನೆ ಬಂತು."

ಯಜಮಾನರು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದರು. ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಎರಡನೆಯ ಗ್ಲಾಸಿನಲ್ಲಿ ಏನಿತ್ತು ಎಂದು ಇನ್ನೊಮ್ಮೆ ಬಿಡಿಸಿ ಕೇಳಿದರು. ಅವಳು ಹೇಳಿದಳು: ಬ್ರೆಡ್ಡಿನ ಕಂದು ಅಂಚು, ಕಂಡೂ ಕಾಣದಷ್ಟು ಸುಟ್ಟ ಸಕ್ಕರೆ, ಕೊನೆಯಲ್ಲಿ ಒಣಹುಲ್ಲಿನಂತೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು. ಕೊನೆಯದರಲ್ಲಿ? ಜೇನು, ಒಂದಿಷ್ಟು ಗಂಧಕ, ಅದು ಇನ್ನೊಂದು ವಾರದಲ್ಲಿ ಹೋಗುತ್ತದೆ. ಪೀಪಾಯಿ ಅಜ್ಜ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ. ಯಜಮಾನರು ಈಗ ನಮ್ಮ ಟ್ಯಾಂಕಿನ ಗತಿ ಏನು ಎಂದರು.

"ಇನ್ನೂ ಪೀಪಾಯಿಗೆ ತುಂಬಿಲ್ಲವಲ್ಲ. ಯೀಸ್ಟಿಗೆ ಜೀವ ಇದೆ. ನಾಳೆ ಹುದುಗ್ತಾ ಇರೋ ಹೊಸ ಬಿಯರ್ ಸ್ವಲ್ಪ ಸೇರಿಸಿ ಬೆಚ್ಚಗಿಡ್ತೀನಿ, ಬೆಣ್ಣೆ ತಿಂದ್ಹಾಕುತ್ತೆ. ಈ ಸಲ ನಾನೇ ಮೂಸಿ ಹೇಳ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮೋರಿಗೆ ಬಿಡೋಳೂ ನಾನೇ."

ಯಜಮಾನರು ಟೋಪಿ ತಲೆಗಿಟ್ಟುಕೊಂಡರು. "ಸೋಮವಾರ ಬಾ ಅಂತ ಒಬ್ಬನಿಗೆ ಹೇಳಿದ್ದೆ. ಬರೋದು ಬೇಡ ಅಂತೀನಿ" ಎಂದು ಯಾರಿಗೋ ಹೇಳಿದ ಹಾಗೆ ಹೇಳಿ, ತಾವೂ ಒಂದು ಗ್ಲಾಸು ಎತ್ತಿಕೊಂಡರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಗಳಿಗೆಗೆ ಇಳಿಯಿತು. ಪೂರ್ತಿ ಇಳಿಯಿತೆಂದರೆ ಸುಳ್ಳಾಗುತ್ತದೆ.

ಆಮೇಲೆ ಕೋಣೆಯ ಬಿಗಿ ಹೋಯಿತು. ಅಂಗಿ ಬಿಚ್ಚಿದ ಗ್ಲಾಸುಗಳನ್ನು ಕಿಟಕಿಯ ಕಟ್ಟೆಗೆ ಸಾಲಾಗಿ ಇಟ್ಟರು. ತಿಳಿ ಬಂಗಾರದಿಂದ ಕೆಂಪು ತಾಮ್ರದವರೆಗೆ ಸಂಜೆಯ ಬಿಸಿಲು ಒಂದೊಂದರೊಳಗೂ ಹೊಕ್ಕಿತ್ತು. ಗೆದ್ದದ್ದು ಎರಡನೆಯ ಗ್ಲಾಸು, ಅಜ್ಜನ ಶಿಷ್ಯನ ಕಾರ್ಖಾನೆಯದು. ನಾನು ಎಲ್ಲವನ್ನೂ ಒಂದೊಂದು ಗುಟುಕು ರುಚಿ ನೋಡಿ ಬಂಗಾರದ್ದೇ ಮೇಲು ಎಂದೆ. ತಾಮ್ರದ ಕಡೆಯವರೆಲ್ಲ ನನ್ನ ಮೇಲೆ ಬಿದ್ದರು, ನಾನೂ ಬಿಡಲಿಲ್ಲ. ದೊಡ್ಡ ಗುಟುಕಿನಲ್ಲಿ ಕುಡಿಯುವ ಬಿಯರಿಗೆ ಇಷ್ಟೊಂದು ಭಾರ ಯಾಕೆ? ತಣ್ಣಗಾಗುತ್ತಿರುವ ಸಂಜೆಗೆ ಆ ಭಾರವೇ ಬೇಕು ಎಂದು ಅಜ್ಜ. ಹುಡುಗಿ ಅತ್ತಿಗೆಯ ಪಕ್ಕಕ್ಕೆ ಬಂದು ಕೂತು, ಮೂರನೆಯ ಗ್ಲಾಸನ್ನು ಮತ್ತೆ ಮತ್ತೆ ಮೂಸಿ, ಬೆಣ್ಣೆ ಎಲ್ಲಿ ಸಿಗುತ್ತದೆಂದು ಕೇಳಿ ತಿಳಿದುಕೊಳ್ಳುತ್ತಿದ್ದಳು.

ಅಣ್ಣ ಕೆಳಗಡೆ ಮೆಟ್ಟಿಲ ಮೇಲೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಹೋಗಿ ಎಲ್ಲ ಹೇಳಿದೆ. ಮೊದಲು ಅವನ ಮುಖ ಅರಳಿತು, ಆಮೇಲೆ ಬಾಡಿತು.

"ಇಲ್ಲ ಅಂತ ಹೇಳಿದೋನು ನಾನೇ ಅಲ್ವಾ" ಎಂದ.

ಹೌದು, ಅವನೇ. ಆದರೆ ಅವನು ಸುಳ್ಳಾಡಿರಲಿಲ್ಲ. ದಿನವೆಲ್ಲ ಬೆಣ್ಣೆಯಲ್ಲೇ ಮುಳುಗಿರುವವನಿಗೆ ಬೆಣ್ಣೆಯ ವಾಸನೆ ಎಲ್ಲಿಂದ ತಿಳಿಯಬೇಕು? ಊರಲ್ಲಿ ಇಷ್ಟು ಮೂಗುಗಳಿರುವಾಗ ನಾವು ಹುಡುಕಿ ಹುಡುಕಿ ಬೇಕರಿಯವನದನ್ನೇ ಎರವಲು ತಂದಿದ್ದೆವು. ನನ್ನನ್ನು ಕೇಳಿದ್ದರೂ ಅದೇ ಕಥೆ. ನಾನೂ ಅದೇ ಮನೆಯವಳು. ಅಡುಗೆಮನೆಯ ಡಬ್ಬಿ ಖಾಲಿಯಾಗಿ ಕಂಡದ್ದೂ ಅದಕ್ಕೇ. ಅತ್ತಿಗೆಗೆ ಬೆಣ್ಣೆ ಯಾವತ್ತು ಮರಳಿತೋ ಯಾರಿಗೆ ಗೊತ್ತು. ಮನೆಯ ಗಾಳಿಯಲ್ಲಿ ಇರುವುದೂ ಅದೇ, ಡಬ್ಬಿಯಲ್ಲಿ ಇರುವುದೂ ಅದೇ ಆದಾಗ ಯಾವ ಮೂಗು ತಾನೇ ಬೇರೆ ಮಾಡೀತು?

ಕತ್ತಲಾಗುವ ಮೊದಲೇ ಮೂವರೂ ಮನೆಗೆ ನಡೆದೆವು. ಅಣ್ಣ ನಾಲ್ಕು ಹೆಜ್ಜೆ ಹಿಂದೆ, ತಪ್ಪು ಮಾಡಿದವನ ಹಾಗೆ. ನಾನು ಬಾಗಿಲು ತೆಗೆದೆ. ಅತ್ತಿಗೆ ಹೊಸಿಲ ಮೇಲೆ ಕಾಲಿಟ್ಟವಳು ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣುಮುಚ್ಚಿ, ಉಸಿರೆಳೆದುಕೊಂಡಳು. ಪರದೆ, ದಿಂಬು, ನನ್ನ ಹೊಲಿಗೆಯ ಬಟ್ಟೆಗಳು, ಎಲ್ಲದರಿಂದಲೂ ಬೆಣ್ಣೆಯ ವಾಸನೆ ಬಂದು ಅವಳ ಮುಖಕ್ಕೆ ತಾಗಿರಬೇಕು. ಅಷ್ಟು ಹೊತ್ತು ಹೊರಗಿದ್ದು ಬಂದದ್ದಕ್ಕೋ ಏನೋ, ನನಗೂ ಅಂದು ಮೊದಲ ಸಲ ತಿಳಿಯಿತು.

ಹಿಂದಿನಿಂದ ಬಂದ ಅಣ್ಣ, ಅವಳಿಗೆ ತೊಂದರೆಯಾಗುತ್ತಿದೆ ಎಂದುಕೊಂಡು, ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಬಿಚ್ಚತೊಡಗಿದ. ಈಗಲೇ ಒಗೆದು ಹಾಕುತ್ತೇನೆ, ಸ್ನಾನವನ್ನೂ ಮಾಡುತ್ತೇನೆ, ಇನ್ನು ಮೇಲೆ ಬೇಕರಿಯಲ್ಲೇ ಬಟ್ಟೆ ಬದಲಾಯಿಸಿ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಅತ್ತಿಗೆ ತಿರುಗಿ ಅವನ ಕೈ ಹಿಡಿದು ತಡೆದಳು, ಬಿಚ್ಚಿದ ಗುಂಡಿಯನ್ನು ತಾನೇ ಹಾಕಿದಳು.

"ಒಗೀಬೇಡಿ" ಎಂದಳು. "ಇವತ್ತೊಂದು ದಿನ ಹಾಗೇ ಇರಿ." ಮತ್ತೆ ಅವನ ಎದೆಗೆ ಮೂಗು ಒತ್ತಿ ನಿಂತುಬಿಟ್ಟಳು. ನಾನು ಗ್ಲಾಸಿನ ಅಂಗಿಗಳ ಗಂಟು ತೆಗೆದುಕೊಂಡು ಹಿತ್ತಲಿಗೆ ಹೋದೆ, ಅವನ್ನಂತೂ ಒಗೆಯಬೇಕಿತ್ತು.